ಲೆಕ್ಕದ ಕಟ್ಟೆ: ಹಿಂದೆ ಕೂರುವ ಪಿಕಪ್, ಬಾಲ ಅಲ್ಲಾಡಿಸುವ ಟ್ರೇಲರ್

ಈ ತಿಂಗಳು ಟ್ಯಾಕ್ಸ್ ಫಾರ್ಮುಗಳನ್ನ ಸ್ವಲ್ಪ ಪಕ್ಕಕ್ಕೆ ಇಡೋಣ. ಎಡಿಸನ್ ಕಡೆಯ ಓದುಗರೊಬ್ಬರು ಒಂದು ಪ್ರಶ್ನೆ ಕಳಿಸಿದ್ದಾರೆ. ವಾರಾಂತ್ಯದಲ್ಲಿ ಗೃಹಪ್ರವೇಶ, ನಾಮಕರಣ, ಸೀಮಂತಕ್ಕೆ ಅಡುಗೆ ಮಾಡಿಕೊಡೋರು. ಮೊದಲು ವ್ಯಾನಿನಲ್ಲಿ ನಡೀತಿತ್ತು. ಈಗ ಆರ್ಡರ್ ಜಾಸ್ತಿಯಾಗಿ, ಹಳೇ ಪಿಕಪ್ ಒಂದು, ಎರಡು ಆಕ್ಸಲ್‌ನ ಮುಚ್ಚಿದ ಟ್ರೇಲರ್ ಒಂದು ತಗೊಂಡಿದ್ದಾರೆ. ಒಲೆ, ಕೊಳದಪ್ಪಲೆ, ಮೇಜು, ಕುರ್ಚಿ, ಶಾಮಿಯಾನ ಎಲ್ಲಾ ಅದರಲ್ಲೇ. ಅವರು ಬರೆದದ್ದು ಇಷ್ಟು:

"ಸರ್, ಟ್ರೇಲರ್ ಕಟ್ಟಿದ ತಕ್ಷಣ ಪಿಕಪ್ ಹಿಂದೆ ಕೂತುಬಿಡತ್ತೆ, ಮೂತಿ ಮೇಲಕ್ಕೆ. ರಾತ್ರಿ ಹೊತ್ತು ಎದುರಿನವರು ಲೈಟ್ ಹೊಡೀತಾರೆ. ಹೋದ ವಾರ ಸೇತುವೆ ಮೇಲೆ ಗಾಳಿಗೆ ಟ್ರೇಲರ್ ಆ ಕಡೆ ಈ ಕಡೆ ಆಡೋಕೆ ಶುರು ಮಾಡ್ತು. ನನ್ನ ಭಾವಮೈದ ಪಕ್ಕದಲ್ಲಿ ಕೂತಿದ್ದ, ಇಬ್ಬರಿಗೂ ಕೈಕಾಲು ತಣ್ಣಗಾಯ್ತು. ಗ್ಯಾರೇಜಿನವರು ಏರ್‌ಬ್ಯಾಗ್ ಹಾಕಿಸಿ, ಸರಿಹೋಗತ್ತೆ ಅಂತಾರೆ. ಹಾಕಿಸಲಾ? ಖರ್ಚು ಟ್ಯಾಕ್ಸಿನಲ್ಲಿ ತೋರಿಸಬಹುದಾ?"

ಎರಡನೇ ಪ್ರಶ್ನೆಗೆ ಕೊನೆಯಲ್ಲಿ ಬರ್ತೀನಿ. ಮೊದಲನೇದು ಮೆಕ್ಯಾನಿಕ್ ಪ್ರಶ್ನೆ ಥರ ಕಂಡರೂ ಒಳಗೆ ಇರೋದು ಪೂರ್ತಿ ಕೂಡು-ಕಳೆ ಲೆಕ್ಕ. ನಮ್ಮವರಲ್ಲಿ ಹುಲ್ಲು ಕತ್ತರಿಸುವ ಕೆಲಸ, ಮನೆ ಸಾಗಿಸುವ ಕೆಲಸ, ಕೇಟರಿಂಗ್, ರಾಜ್ಯೋತ್ಸವಕ್ಕೆ ರಂಗದ ಸಾಮಾನು ಸಾಗಿಸೋದು ಅಂತ ಟ್ರೇಲರ್ ಎಳೆಯೋರು ಸಾಕಷ್ಟು ಜನ ಇದ್ದಾರೆ. ಹಾಗಾಗಿ ಉತ್ತರ ಒಬ್ಬರಿಗೇ ಅಲ್ಲ.

ಕೂರೋದು ಯಾಕೆ?

ಟ್ರೇಲರ್‌ನ ಮುಂದಿನ ತುದಿ ಪಿಕಪ್‌ನ ಹಿಚ್ ಬಾಲ್ ಮೇಲೆ ಕೂರತ್ತಲ್ಲ, ಅಲ್ಲಿ ಬೀಳುವ ಭಾರಕ್ಕೆ ಟಂಗ್ ವೆಯ್ಟ್ ಅಂತಾರೆ. ಕನ್ನಡದಲ್ಲಿ ಮೂಕಿ ಭಾರ ಅಂದುಕೊಳ್ಳಿ. ಈ ಬಾಲ್ ಇರೋದು ಹಿಂದಿನ ಚಕ್ರದ ಮೇಲಲ್ಲ, ಅದಕ್ಕಿಂತ ನಾಲ್ಕು ಅಡಿ ಹಿಂದೆ. ಅಲ್ಲೇ ಇರೋದು ತೊಂದರೆ. ಏತ ನೋಡಿದ್ದೀರಲ್ಲ? ಹಿಂದಿನ ಆಕ್ಸಲ್ ಅದರ ನಡುಗಂಬ. ಒಂದು ತುದಿ ಒತ್ತಿದರೆ ಇನ್ನೊಂದು ತುದಿ ಏಳತ್ತೆ.

ಅಂಕಿಯಲ್ಲಿ ಹೇಳ್ತೀನಿ. ಮುಂದಿನ ಚಕ್ರದಿಂದ ಹಿಂದಿನ ಚಕ್ರಕ್ಕೆ 145 ಅಂಗುಲ, ಹಿಂದಿನ ಚಕ್ರದಿಂದ ಬಾಲ್‌ಗೆ 50 ಅಂಗುಲ ಅಂತ ಇಟ್ಟುಕೊಳ್ಳಿ. ನಾಲ್ಕು ಬಾಗಿಲಿನ ಮಾಮೂಲು ಪಿಕಪ್‌ನ ಅಳತೆ ಇದರ ಆಸುಪಾಸೇ. ಮೂಕಿ ಭಾರ 780 ಪೌಂಡ್ ಇದ್ದರೆ, ಮುಂದಿನ ಆಕ್ಸಲ್ ಕಳಕೊಳ್ಳುವ ಭಾರ 780 ಗುಣಿಸು 50, ಭಾಗಿಸು 145. ಅಂದರೆ 269 ಪೌಂಡ್. ಆ 269 ಎಲ್ಲೂ ಮಾಯವಾಗಲ್ಲ, ಹಿಂದಿನ ಆಕ್ಸಲ್ ಖಾತೆಗೆ ಹೋಗಿ ಜಮೆ ಆಗತ್ತೆ. ಹಾಗಾಗಿ ಹಿಂದಿನ ಆಕ್ಸಲ್‌ಗೆ ಬೀಳೋದು 780 ಅಲ್ಲ, 780 ಮತ್ತು 269 ಸೇರಿ 1,049 ಪೌಂಡ್. 25 ಕೆಜಿಯ ಅಕ್ಕಿ ಮೂಟೆ 14 ಇಟ್ಟೆ ಅಂದುಕೊಂಡಿರ್ತೀರಿ, ಹಿಂದಿನ ಚಕ್ರ ಹೊತ್ತಿರೋದು 19 ಮೂಟೆ.

ಇದರಲ್ಲಿ ಕಣ್ಣಿಗೆ ಕಾಣೋದು ಹಿಂದೆ ಕೂತ ಗಾಡಿ. ಅಪಾಯ ಇರೋದು ಮುಂದೆ ಎದ್ದ ಗಾಡಿಯಲ್ಲಿ. ಸ್ಟೇರಿಂಗ್ ಕೆಲಸ ಮಾಡೋದು ಮುಂದಿನ ಟೈರು ರಸ್ತೆಯನ್ನ ಒತ್ತಿ ಹಿಡಿದಾಗ. ಬ್ರೇಕಿನ ದೊಡ್ಡ ಪಾಲು ಕೆಲಸವೂ ಮುಂದಿನ ಚಕ್ರದ್ದೇ. ಮಂಡ್ಯದ ಕಡೆಯವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಕಬ್ಬು ಹೇರಿದ ಟ್ರಾಕ್ಟರ್ ಏರು ಹತ್ತುವಾಗ ಮುಂದಿನ ಚಕ್ರ ಹಗುರಾಗಿ ನೆಲ ಬಿಡೋದನ್ನ, ಸ್ಟೇರಿಂಗ್ ತಿರುಗಿಸಿದರೂ ಗಾಡಿ ನೇರ ಹೋಗೋದನ್ನ ಕಣ್ಣಾರೆ ಕಂಡಿರ್ತೀರಿ. ಇಲ್ಲಿ ಅಷ್ಟು ಏಳಲ್ಲ, ಆದರೆ ವೇಗ ಅದರ ಎರಡು-ಮೂರು ಪಟ್ಟು.

ಅಮೆರಿಕದಲ್ಲಿ ಕೆಲವರು ಶೋಕಿಗೇ ಪಿಕಪ್‌ನ ಮೂತಿ ಎತ್ತಿ ಹಿಂಭಾಗ ಇಳಿಸ್ತಾರೆ. ಅದಕ್ಕೆ ಕ್ಯಾರೊಲಿನಾ ಸ್ಕ್ವಾಟ್ ಅಂತ ಹೆಸರು. ನಾರ್ತ್ ಕ್ಯಾರೊಲಿನಾ 2021ರಲ್ಲಿ ಇದನ್ನ ಕಾನೂನಿನಿಂದಲೇ ನಿಲ್ಲಿಸ್ತು. ಮುಂದಿನ ಫೆಂಡರ್ ಹಿಂದಿನದಕ್ಕಿಂತ 4 ಅಂಗುಲ ಅಥವಾ ಹೆಚ್ಚು ಎತ್ತರ ಇರುವಂತೆ ಬದಲಾಯಿಸೋ ಹಾಗಿಲ್ಲ. 2022ರಲ್ಲಿ ವರ್ಜೀನಿಯಾ, 2023ರಲ್ಲಿ ಸೌತ್ ಕ್ಯಾರೊಲಿನಾ ಇದೇ ದಾರಿ ಹಿಡಿದವು. ಡ್ರೈವರ್‌ಗೆ ಮುಂದಿನ ರಸ್ತೆ ಕಾಣಲ್ಲ, ಹೆಡ್‌ಲೈಟ್ ಆಕಾಶ ನೋಡತ್ತೆ ಅನ್ನೋದೇ ಮುಖ್ಯ ತಕರಾರು. ಶೋಕಿಗೆ ಎತ್ತಿದರೂ, ಭಾರಕ್ಕೆ ಎದ್ದರೂ ಎದುರಿನವನ ಕಣ್ಣಿಗೆ ಬೀಳೋ ಲೈಟು ಒಂದೇ.

ಹಾಗಾದರೆ ಮೂಕಿ ಭಾರ ಕಡಿಮೆ ಮಾಡಿದರೆ?

ಎಲ್ಲರಿಗೂ ಮೊದಲು ಹೊಳೆಯೋದು ಇದೇ. ಸಾಮಾನು ಟ್ರೇಲರ್‌ನಲ್ಲಿ ಹಿಂದಕ್ಕೆ ತಳ್ಳಿದರೆ ಮೂಕಿ ಹಗುರಾಗತ್ತೆ, ಪಿಕಪ್ ಕೂರಲ್ಲ. ನೋಡೋಕೆ ಚೆಂದ. ಆದರೆ ದಯವಿಟ್ಟು ಇದನ್ನ ಮಾತ್ರ ಮಾಡಬೇಡಿ.

ಎತ್ತಿನ ಗಾಡಿಗೆ ಹೇರೋರಿಗೆ ಈ ಲೆಕ್ಕ ಗೊತ್ತಿತ್ತು. ಹಿಂದೆ ಭಾರ ಜಾಸ್ತಿಯಾದರೆ ಮೂಕಿ ಮೇಲೇಳತ್ತೆ, ನೊಗ ಎದ್ದು ಎತ್ತಿನ ಕೊರಳ ಹಗ್ಗ ಬಿಗಿಯತ್ತೆ. ಮುಂದೆ ಜಾಸ್ತಿಯಾದರೆ ಎತ್ತಿನ ಹೆಗಲು ಹುಣ್ಣಾಗತ್ತೆ. ಹೆಗಲಿನ ಮೇಲೆ ಹದವಾದ ಭಾರ ಇರಬೇಕು. ಎತ್ತಿನ ಗಾಡಿಗೆ ಗಂಟೆಗೆ ಮೂರು ಮೈಲಿ, ತಪ್ಪಿದರೂ ಸಾಮಾನು ಜಾರೋದರಲ್ಲೇ ಮುಗಿಯತ್ತೆ. ಟರ್ನ್‌ಪೈಕ್ ಮೇಲೆ 60 ಮೈಲಿಯಲ್ಲಿ ಹಾಗಲ್ಲ. ಹಿಂದೆ ಭಾರ ಇರೋ ಟ್ರೇಲರ್ ಗಾಳಿಗೋ, ಪಕ್ಕದಲ್ಲಿ ಹಾದುಹೋದ ದೊಡ್ಡ ಟ್ರಕ್ಕಿಗೋ ಒಮ್ಮೆ ವಾಲಿದರೆ, ತಾನಾಗೇ ನಿಲ್ಲೋ ಬದಲು ಪ್ರತಿ ಸಲ ಇನ್ನಷ್ಟು ಜೋರಾಗಿ ಬಾಲ ಬೀಸತ್ತೆ. ವೇಗ ಹೆಚ್ಚಾದಷ್ಟೂ ಬೀಸು ದೊಡ್ಡದು. ಕೊನೆಗೆ ಪಿಕಪ್‌ನ್ನೇ ತಿರುಗಿಸಿ ಹಾಕತ್ತೆ.

ಅದಕ್ಕೇ ನಿಯಮ ಹೀಗಿದೆ. ಬಾಲ್ ಮೇಲೆ ಕೂರೋ ಮಾಮೂಲು ಟ್ರೇಲರ್‌ನ ಮೂಕಿ ಭಾರ, ಟ್ರೇಲರ್‌ನ ಒಟ್ಟು ತೂಕದ ಶೇ. 10ರಿಂದ 15 ಇರಬೇಕು. ಯೂ-ಹಾಲ್‌ನವರು ಬಾಡಿಗೆಗೆ ಕೊಡುವಾಗ ಹೇಳೋದೂ ಇದನ್ನೇ ಸರಳ ಮಾಡಿ: ಸಾಮಾನಿನ ಶೇ. 60 ಭಾರ ಟ್ರೇಲರ್‌ನ ಮುಂದಿನ ಅರ್ಧದಲ್ಲಿ, ಶೇ. 40 ಹಿಂದಿನ ಅರ್ಧದಲ್ಲಿ. ಅವರು ಹೇಳುವ ಗರಿಷ್ಠ ವೇಗ 55 ಮೈಲಿ.

ಅಲ್ಲಿಗೆ ಎರಡು ಮಾತು ಸ್ಪಷ್ಟವಾಯ್ತು. ಮೂಕಿ ಭಾರ ಬೇಕೇ ಬೇಕು. ಅದು ಇದ್ದರೆ ಪಿಕಪ್ ಸ್ವಲ್ಪ ಕೂರೋದೂ ಸಹಜ. ನಾವು ನೋಡಬೇಕಾದ್ದು ಆ ಭಾರ ಹೊರೋ ಶಕ್ತಿ ಗಾಡಿಗೆ ಇದೆಯಾ, ಮತ್ತೆ ಅದನ್ನ ಎಲ್ಲಾ ಚಕ್ರಕ್ಕೂ ಹಂಚೋದು ಹೇಗೆ ಅಂತ.

ಬಾಗಿಲಿನ ಸ್ಟಿಕರ್ ಓದಿ

ಪಿಕಪ್ ಮಾರೋರು 'ಹತ್ತು ಸಾವಿರ ಪೌಂಡ್ ಎಳೆಯತ್ತೆ' ಅಂತಾರೆ. ಅದು ಎಳೆಯೋ ಲೆಕ್ಕ. ಹೊರೋ ಲೆಕ್ಕ ಬೇರೆ, ಅದು ಡ್ರೈವರ್ ಬಾಗಿಲು ತೆಗೆದರೆ ಚೌಕಟ್ಟಿನ ಮೇಲೆ ಅಂಟಿಸಿರೋ ಸ್ಟಿಕರ್‌ನಲ್ಲಿ ಇರತ್ತೆ. ಜನ ಮತ್ತು ಸಾಮಾನು ಸೇರಿ ಇಷ್ಟು ಪೌಂಡ್ ಮೀರಬಾರದು ಅಂತ ಬರೆದಿರತ್ತೆ. ಇದೇ ಪೇಲೋಡ್. ಮೂಕಿ ಭಾರವನ್ನೂ ಇದರೊಳಗೇ ಸೇರಿಸಬೇಕು. ಬಹಳ ಜನ ಇದನ್ನ ಸೇರಿಸಲ್ಲ.

ನಮ್ಮ ಓದುಗರ ಗಾಡಿಯಂಥ ಒಂದು ಗಾಡಿಯ ಖಾತೆ ಬರೆಯೋಣ. ಸ್ಟಿಕರ್‌ನಲ್ಲಿ ಪೇಲೋಡ್ 1,500 ಪೌಂಡ್. ಟ್ರೇಲರ್ ಸಾಮಾನು ಸೇರಿ 6,000 ಪೌಂಡ್.

ಮೂರು ಜನ: 520
ಪಿಕಪ್ ಡಬ್ಬಿಯಲ್ಲಿ ಪಾತ್ರೆ, ಒಲೆ: 350
ಹಿಚ್ ಸಾಮಗ್ರಿ: 80
ಮೂಕಿ ಭಾರ, 6,000ದ ಶೇ. 13: 780
ಒಟ್ಟು: 1,730

ಇರೋ ಬಾಕಿ 1,500, ಖರ್ಚು 1,730. ಖಾತೆ 230 ಪೌಂಡ್ ಓವರ್‌ಡ್ರಾಫ್ಟ್. 'ಹತ್ತು ಸಾವಿರ ಎಳೆಯೋ' ಗಾಡಿ 6,000ಕ್ಕೇ ಮುಗ್ಗರಿಸಿತು ನೋಡಿ.

ಈಗ ಒಂದು ಪೈಸೆ ಖರ್ಚಿಲ್ಲದ ರಿಪೇರಿ. ಡಬ್ಬಿಯಲ್ಲಿರೋ 350 ಪೌಂಡ್ ಪಾತ್ರೆ-ಒಲೆಯನ್ನ ತೆಗೆದು ಟ್ರೇಲರ್ ಒಳಗೆ, ಅದರ ಎರಡು ಆಕ್ಸಲ್‌ಗಳ ನೇರ ಮೇಲೆ ಇಡಿ. ಟ್ರೇಲರ್ 6,350 ಪೌಂಡ್ ಆಯ್ತು. ಆಕ್ಸಲ್ ಮೇಲೇ ಇಟ್ಟಿದ್ದರಿಂದ ಮೂಕಿ ಭಾರ 780 ಹಾಗೇ ಉಳೀತು, ಅಂದರೆ ಶೇ. 12ಕ್ಕೆ ಸ್ವಲ್ಪ ಮೇಲೆ. ಇದೂ ಹದದೊಳಗೇ ಇದೆ. ಪಿಕಪ್ ಖಾತೆಯಲ್ಲಿ ಈಗ 520, 80, 780 ಸೇರಿ 1,380. ಇನ್ನೂ 120 ಪೌಂಡ್ ಉಳಿತಾಯ. ಇದೇ ಟ್ರೇಲರ್, ಇದೇ ಸಾಮಾನು, ಜಾಗ ಮಾತ್ರ ಬದಲು. ಟ್ರೇಲರ್‌ನ ಸ್ವಂತ ಮಿತಿಯೂ ಅದರ ತಟ್ಟೆ ಮೇಲೆ ಬರೆದಿರತ್ತೆ, ಅದನ್ನೂ ಮೀರದ ಹಾಗೆ ನೋಡಿಕೊಳ್ಳಿ.

ಇನ್ನೊಂದು ಸ್ಟಿಕರ್ ಗಾಡಿ ಹಿಂದೆ ಬಗ್ಗಿ ನೋಡಿದರೆ ಸಿಗತ್ತೆ, ಹಿಚ್ ತೂರಿಸೋ ಚೌಕದ ರಿಸೀವರ್ ಮೇಲೆ. ಅದರಲ್ಲಿ ಎರಡು ಸಾಲು ಅಂಕಿ ಇರೋದುಂಟು. ಬಾಲ್ ಮೇಲೆ ನೇರ ಹೊರೋದಾದರೆ ಇಷ್ಟು, ಭಾರ ಹಂಚುವ ಹಿಚ್ ಹಾಕಿದರೆ ಇಷ್ಟು ಅಂತ. ಎಷ್ಟೋ ಹಾಫ್-ಟನ್ ಪಿಕಪ್‌ಗಳಲ್ಲಿ ಮೊದಲ ಸಾಲು 5,000 ಪೌಂಡ್ ಟ್ರೇಲರ್, 500 ಪೌಂಡ್ ಮೂಕಿ ಭಾರಕ್ಕೇ ಮುಗಿಯತ್ತೆ. ನಿಮ್ಮದೂ ಹಾಗಿದ್ದರೆ 780 ಪೌಂಡನ್ನ ಬರೀ ಬಾಲ್ ಮೇಲೆ ಹೇರೋ ಹಾಗೇ ಇಲ್ಲ. ಭಾರ ಹಂಚುವ ಹಿಚ್ ಕಡ್ಡಾಯ.

ಏರ್‌ಬ್ಯಾಗ್ ಏನು ಮಾಡತ್ತೆ, ಏನು ಮಾಡಲ್ಲ

ಇಲ್ಲಿ ಏರ್‌ಬ್ಯಾಗ್ ಅಂದರೆ ಸ್ಟೇರಿಂಗ್ ಒಳಗಿನ ಬಲೂನಲ್ಲ. ಹಿಂದಿನ ಆಕ್ಸಲ್ ಮತ್ತು ಚಾಸಿ ಮಧ್ಯೆ ಕೂರಿಸೋ ರಬ್ಬರ್ ಗಾಳಿಚೀಲ. ಗಾಳಿ ತುಂಬಿದರೆ ಗಾಡಿಯ ಹಿಂಭಾಗ ಮೇಲೇಳತ್ತೆ. ಹಿಂದೆ ಕೂರೋದು ನಿಲ್ಲತ್ತೆ, ಹೆಡ್‌ಲೈಟ್ ರಸ್ತೆಗೆ ಬರತ್ತೆ, ಹಳ್ಳ ಬಂದಾಗ ಆಕ್ಸಲ್ ಹೋಗಿ ಚಾಸಿಗೆ ಬಡಿಯಲ್ಲ. ಇವೆಲ್ಲ ನಿಜವಾದ ಅನುಕೂಲ. ಕಮಾನು ಪಟ್ಟಿ ಅಂತೀವಲ್ಲ, ಆ ಲೀಫ್ ಸ್ಪ್ರಿಂಗ್‌ಗೆ ಇನ್ನೊಂದು ಎಲೆ ಸೇರಿಸೋದು, ಗಟ್ಟಿ ರಬ್ಬರ್ ದಿಮ್ಮಿ ಹಾಕೋದು, ಇವೂ ಇದೇ ಜಾತಿ.

ಆದರೆ ಆ 269 ಪೌಂಡ್ ನೆನಪಿದೆಯಲ್ಲ, ಮುಂದಿನ ಚಕ್ರ ಕಳಕೊಂಡದ್ದು? ಗಾಳಿಚೀಲ ಅದನ್ನ ವಾಪಸ್ ಕೊಡಲ್ಲ. ಕೂತ ಮನುಷ್ಯನ ಕೆಳಗೆ ದಿಂಬು ಇಟ್ಟ ಹಾಗೆ. ಎತ್ತರ ಬಂತು, ತೂಕ ಬದಲಾಗಲಿಲ್ಲ. ಏತದ ನಡುಗಂಬವನ್ನ ಎತ್ತರಿಸಿದಿರಿ ಅಷ್ಟೇ, ತುದಿಯ ಭಾರ ತುದಿಯಲ್ಲೇ ಇದೆ. ಪೇಲೋಡ್ ಕೂಡ ಒಂದು ಪೌಂಡೂ ಹೆಚ್ಚಾಗಲ್ಲ. ಚೀಲ ತಯಾರಿಸೋ ಕಂಪನಿಗಳೇ ತಮ್ಮ ಸೂಚನೆಯಲ್ಲಿ ಗಾಡಿಯ ಮೂಲ ಮಿತಿ ಮೀರಬೇಡಿ ಅಂತ ಬರೆದಿರ್ತಾರೆ. ಆಕ್ಸಲ್, ಟೈರು, ಬ್ರೇಕು ಎಲ್ಲಾ ಹಳೇವೇ ತಾನೇ?

ಒಂದು ಅಪಾಯವೂ ಉಂಟು. ಚೀಲ ಹಾಕಿದ ಮೇಲೆ ಗಾಡಿ ಸಮತಟ್ಟಾಗಿ ಕಾಣತ್ತೆ. ಓವರ್‌ಲೋಡ್ ಆಗಿದ್ದು ಕಣ್ಣಿಗೆ ಗೊತ್ತಾಗಲ್ಲ. ನಷ್ಟದ ಅಂಗಡಿಗೆ ಹೊಸ ಬೋರ್ಡು ಹಾಕಿದ ಹಾಗೆ.

ಭಾರ ಹಂಚುವ ಹಿಚ್

ಮುಂದಿನ ಚಕ್ರಕ್ಕೆ ಭಾರ ವಾಪಸ್ ಕೊಡೋದು ಇದು. ವೆಯ್ಟ್ ಡಿಸ್ಟ್ರಿಬ್ಯೂಷನ್ ಹಿಚ್ ಅಂತ ಕೇಳಿ. ಹಿಚ್‌ನ ತಲೆಯಿಂದ ಎರಡು ಉಕ್ಕಿನ ಸ್ಪ್ರಿಂಗ್ ಸಲಾಕೆ ಟ್ರೇಲರ್‌ನ ಮೂಕಿ ಉದ್ದಕ್ಕೂ ಹಿಂದಕ್ಕೆ ಹೋಗಿ, ಸರಪಳಿ ಅಥವಾ ಕೊಂಡಿಯಿಂದ ಬಿಗಿಯಾಗತ್ತೆ. ಕೈಗಾಡಿಯ ಹಿಡಿ ಹಿಡಿದು ಮೇಲೆತ್ತಿದರೆ ಮುಂದಿನ ಚಕ್ರ ನೆಲಕ್ಕೆ ಒತ್ತತ್ತಲ್ಲ, ಅದೇ ಕೆಲಸ. ಬಾಲ್ ಮೇಲಿನ ಭಾರದ ಒಂದು ಪಾಲು ಪಿಕಪ್‌ನ ಮುಂದಿನ ಆಕ್ಸಲ್‌ಗೆ, ಇನ್ನೊಂದು ಚಿಕ್ಕ ಪಾಲು ಟ್ರೇಲರ್‌ನ ಆಕ್ಸಲ್‌ಗೆ ಹೋಗತ್ತೆ.

ಎಷ್ಟು ಬಿಗಿ ಮಾಡಬೇಕು? ಟೇಪ್ ಹಿಡಿದು ಮುಂದಿನ ಚಕ್ರದ ನಡುವಿನಿಂದ ಫೆಂಡರ್ ಅಂಚಿಗೆ ಎತ್ತರ ಅಳೆಯಿರಿ. ಟ್ರೇಲರ್ ಇಲ್ಲದಾಗ ಒಮ್ಮೆ, ಸಲಾಕೆ ಹಾಕದೆ ಟ್ರೇಲರ್ ಕಟ್ಟಿದಾಗ ಒಮ್ಮೆ, ಸಲಾಕೆ ಬಿಗಿದ ಮೇಲೆ ಒಮ್ಮೆ. ಉದಾಹರಣೆಗೆ ಮೂತಿ ಒಂದು ಅಂಗುಲ ಎದ್ದಿದ್ದರೆ ಅರ್ಧ ಅಂಗುಲ ಇಳಿಸಿ ಅಂತ ಕೆಲವು ಮ್ಯಾನ್ಯುಯಲ್ ಹೇಳತ್ತೆ, ಅದಕ್ಕಿಂತ ಹೆಚ್ಚು ಅಂತ ಕೆಲವು ಹೇಳತ್ತೆ. ನಿಮ್ಮ ಗಾಡಿಯ ಮ್ಯಾನ್ಯುಯಲ್ ಏನು ಹೇಳತ್ತೋ ಅದೇ ಅಂತಿಮ. ಜಾಸ್ತಿ ಬಿಗಿದು ಮೂತಿಯನ್ನ ಮೊದಲಿಗಿಂತ ಕೆಳಗೆ ಇಳಿಸಿದರೆ ಹಿಂದಿನ ಚಕ್ರ ಹಗುರಾಗಿ ಮಳೆಯಲ್ಲಿ ಜಾರತ್ತೆ. ಗಾಳಿಚೀಲವೂ ಇದ್ದರೆ ಅದರಲ್ಲಿ ಕನಿಷ್ಠ ಗಾಳಿ ಇಟ್ಟು ಮೊದಲು ಹಿಚ್ ಹೊಂದಿಸಿ, ಆಮೇಲೆ ಬೇಕಿದ್ದರೆ ಸ್ವಲ್ಪ ಗಾಳಿ. ತಿರುಗಾಮುರುಗಾ ಮಾಡಿದರೆ ಹಿಚ್‌ಗೆ ಕೆಲಸವೇ ಉಳಿಯಲ್ಲ.

ಇಂಥ ಹಿಚ್‌ಗಳಲ್ಲಿ ಬಾಲ ಬೀಸೋದನ್ನ ತಡೆಯೋ ಘರ್ಷಣೆಯ ವ್ಯವಸ್ಥೆಯೂ ಕೂಡಿಯೇ ಬರೋದುಂಟು. ಹೊಸ ಪಿಕಪ್‌ಗಳಲ್ಲಿ ಕಂಪ್ಯೂಟರೇ ಒಂದೊಂದು ಚಕ್ರಕ್ಕೆ ಬ್ರೇಕ್ ಹಾಕಿ ಬೀಸು ನಿಲ್ಲಿಸೋ ಸೌಲಭ್ಯ ಇದೆ. ಎರಡೂ ಒಳ್ಳೆಯದೇ. ಆದರೆ ತಪ್ಪಾಗಿ ಹೇರಿದ ಟ್ರೇಲರನ್ನ ಯಾವುದೂ ಸರಿ ಮಾಡಲ್ಲ.

ಚಿಕ್ಕ ಮಾತು ಎರಡು. ಟೈರಿನ ಗಾಳಿ ತಣ್ಣಗಿರುವಾಗ ನೋಡಿ. ಪಕ್ಕೆ ಮೆತ್ತಗಿರೋ ಟೈರು ಗಾಡಿಯನ್ನ ತೂಗಾಡಿಸತ್ತೆ. ಟ್ರೇಲರ್‌ನ ಎಸ್‌ಟಿ ಟೈರುಗಳಲ್ಲಿ ಎಷ್ಟೋ 65 ಮೈಲಿ ವೇಗಕ್ಕೆ ಮಾಡಿದವು, ಅದನ್ನ ಮೀರಬೇಡಿ. ಬಾಲ್‌ನ ಎತ್ತರ ಹೇಗಿರಬೇಕಂದರೆ ಟ್ರೇಲರ್ ನೆಲಕ್ಕೆ ಸಮವಾಗಿ ನಿಲ್ಲಬೇಕು. ಮೂಗು ಎತ್ತಿದ ಟ್ರೇಲರ್ ಬಾಲ ಬೀಸೋದು ಜಾಸ್ತಿ.

ತೂಗಿಸಿ ತಾಳೆ ನೋಡಿ

ಅಂದಾಜು ಸಾಕಾಗಲ್ಲ. ದೊಡ್ಡ ಟ್ರಕ್ಕುಗಳು ತೂಗೋ ಕ್ಯಾಟ್ ಸ್ಕೇಲ್ ಹೈವೇ ಟ್ರಕ್ ಸ್ಟಾಪ್‌ಗಳಲ್ಲಿ ಸಿಗತ್ತೆ. ನಮ್ಮ ಕಡೆ ಐ-78ರ ಬ್ಲೂಮ್ಸ್‌ಬರಿ, ಐ-80ರ ಕೊಲಂಬಿಯಾ ಹತ್ತಿರ ಟ್ರಕ್ ಸ್ಟಾಪ್‌ಗಳಿವೆ. ಹೋಗೋ ಮುಂಚೆ ಫೋನ್ ಮಾಡಿ ಕೇಳಿ. ಮೊದಲ ತೂಕಕ್ಕೆ ಒಂದು ಪಿಜ್ಜಾದ ದುಡ್ಡು, ಮರುತೂಕಕ್ಕೆ ಅದಕ್ಕಿಂತ ಕಡಿಮೆ. ಮುಂದಿನ ಆಕ್ಸಲ್, ಹಿಂದಿನ ಆಕ್ಸಲ್, ಟ್ರೇಲರ್ ಮೂರೂ ಬೇರೆ ಬೇರೆ ಬರೆದ ಚೀಟಿ ಕೊಡ್ತಾರೆ. ಜನ, ಸಾಮಾನು ಎಲ್ಲಾ ಇರೋವಾಗ ಮೂರು ಸಲ ತೂಗಿಸಿ. ನಮ್ಮ ಉದಾಹರಣೆಯ ಗಾಡಿ ಹೀಗೆ ಬರಬಹುದು:

ಪಿಕಪ್ ಒಂದೇ: ಮುಂದೆ 3,150, ಹಿಂದೆ 2,450. ಒಟ್ಟು 5,600.
ಟ್ರೇಲರ್ ಕಟ್ಟಿ, ಸಲಾಕೆ ಇಲ್ಲದೆ: ಮುಂದೆ 2,881, ಹಿಂದೆ 3,499, ಟ್ರೇಲರ್ 5,570. ಒಟ್ಟು 11,950.
ಸಲಾಕೆ ಬಿಗಿದು: ಮುಂದೆ 3,015, ಹಿಂದೆ 3,285, ಟ್ರೇಲರ್ 5,650. ಒಟ್ಟು 11,950.

ಎರಡನೇ ಸಾಲಿನ ಮುಂದೆ-ಹಿಂದೆ ಕೂಡಿದರೆ 6,380. ಅದರಿಂದ 5,600 ಕಳೆದರೆ 780. ಅದೇ ನಿಮ್ಮ ನಿಜವಾದ ಮೂಕಿ ಭಾರ. ಮೂರನೇ ಸಾಲಿನಲ್ಲಿ ಮುಂದಿನ ಚಕ್ರ ಕಳಕೊಂಡ 269ರಲ್ಲಿ 134 ವಾಪಸ್ ಬಂದಿದೆ, ಅಂದರೆ ಅರ್ಧ. ಹಿಂದಿನ ಆಕ್ಸಲ್ 214 ಬಿಟ್ಟುಕೊಟ್ಟಿದೆ: 134 ಮುಂದಕ್ಕೆ, 80 ಟ್ರೇಲರ್‌ಗೆ. ಒಟ್ಟು ಎರಡೂ ಸಾಲಿನಲ್ಲಿ ಒಂದೇ. ಬಿಕಾಂನಲ್ಲಿ ತಾಳೆಪಟ್ಟಿ ಬರೆದವರಿಗೆ ಇದಕ್ಕಿಂತ ಖುಷಿ ಬೇಕಾ? ಈ ಅಂಕಿಗಳನ್ನ ಬಾಗಿಲಿನ ಸ್ಟಿಕರ್‌ನಲ್ಲಿರೋ ಆಕ್ಸಲ್ ಮಿತಿ, ಒಟ್ಟು ಮಿತಿಯ ಪಕ್ಕ ಇಟ್ಟು ನೋಡಿ. ಯಾವುದೂ ಮೀರದಿದ್ದರೆ ಸರಿ. ಚೀಟಿಯನ್ನ ಗ್ಲೋವ್ ಬಾಕ್ಸಿನಲ್ಲಿ ಇಟ್ಟುಕೊಳ್ಳಿ.

ನಮ್ಮ ರಸ್ತೆಗಳ ಮೇಲೆ

ಎಡಿಸನ್‌ನಿಂದ ಫ್ಲಶಿಂಗ್ ಗಣೇಶ ದೇವಸ್ಥಾನದ ಕಡೆಗೆ ಅಡುಗೆ ತಗೊಂಡು ಹೋಗ್ತೀರಿ ಅನ್ನಿ. ವೆರಜಾನೋ ಸೇತುವೆ ಇಳಿದ ಮೇಲೆ ಫೋನಿನ ಮ್ಯಾಪ್ ಬೆಲ್ಟ್ ಪಾರ್ಕ್‌ವೇ ತೋರಿಸಬಹುದು. ಹೋಗಬೇಡಿ. ನ್ಯೂಯಾರ್ಕಿನ ಪಾರ್ಕ್‌ವೇಗಳಲ್ಲಿ ಟ್ರೇಲರ್‌ಗೆ ಪ್ರವೇಶ ಇಲ್ಲ, ಸೇತುವೆಗಳೂ ತಗ್ಗು. ಐ-278 ಹಿಡಿದೇ ಹೋಗಿ. ಪ್ಯಾಲಿಸೇಡ್ಸ್ ಪಾರ್ಕ್‌ವೇಗೂ ಇದೇ ಮಾತು. ಸುರಂಗಗಳಲ್ಲಿ ಟ್ರೇಲರ್‌ಗೆ, ಪ್ರೊಪೇನ್ ಸಿಲಿಂಡರ್‌ಗೆ ನಿರ್ಬಂಧಗಳಿವೆ. ಕೇಟರಿಂಗ್‌ನವರು ಸೇತುವೆ ದಾರಿಯನ್ನೇ ನೋಡಿಕೊಳ್ಳೋದು ಮೇಲು. ಟೋಲ್ ಆಕ್ಸಲ್ ಲೆಕ್ಕದಲ್ಲಿ ಏರತ್ತೆ, ಆರ್ಡರ್ ಬೆಲೆ ಹೇಳೋವಾಗಲೇ ಅದನ್ನ ಸೇರಿಸಿ.

3,000 ಪೌಂಡ್ ದಾಟಿದ ಟ್ರೇಲರ್‌ಗೆ ಅದರದ್ದೇ ಬ್ರೇಕ್ ಇರಬೇಕು. ಆ ಬ್ರೇಕನ್ನ ನಡೆಸೋ ಕಂಟ್ರೋಲರ್ ನಿಮ್ಮ ಕೈಗೆ ಸಿಗೋ ಕಡೆ ಇರಲಿ. ಸುರಕ್ಷತಾ ಸರಪಳಿಗಳನ್ನ ಕತ್ತರಿ ಹಾಕಿ ಕಟ್ಟಿ, ಕೊಂಡಿ ಕಳಚಿದರೆ ತಾನೇ ಬ್ರೇಕ್ ಹಿಡಿಯೋ ತಂತಿಯನ್ನ ಸರಪಳಿಗೆ ಅಲ್ಲ, ಗಾಡಿಗೇ ಸಿಕ್ಕಿಸಿ.

ಬಾಲ ಬೀಸೋಕೆ ಶುರುವಾದರೆ ಏನು ಮಾಡಬೇಕು? ಇದನ್ನ ಮನೆಯಲ್ಲಿ ಗಾಡಿ ಓಡಿಸೋ ಎಲ್ಲರಿಗೂ ಓದಿ ಹೇಳಿ. ಆಕ್ಸಲರೇಟರ್ ಮೇಲಿಂದ ಕಾಲು ತೆಗೀರಿ. ಸ್ಟೇರಿಂಗ್ ನೇರ, ಗಟ್ಟಿ ಹಿಡೀರಿ, ಬೀಸಿದ ಕಡೆಗೆಲ್ಲ ತಿರುಗಿಸಬೇಡಿ. ಪಿಕಪ್ ಬ್ರೇಕ್ ಜೋರಾಗಿ ಒತ್ತಬೇಡಿ. ಕಂಟ್ರೋಲರ್‌ನ ಕೈಗುಂಡಿಯಿಂದ ಟ್ರೇಲರ್ ಬ್ರೇಕ್ ಮಾತ್ರ ಮೆಲ್ಲಗೆ ಹಾಕಿ. ಅದು ಟ್ರೇಲರನ್ನ ಹಿಂದಿನಿಂದ ಜಗ್ಗಿ ನೇರ ಮಾಡತ್ತೆ. ವೇಗ ಇಳಿದ ಮೇಲೆ ಪಕ್ಕಕ್ಕೆ ನಿಲ್ಲಿಸಿ, ಸಾಮಾನು ಮುಂದಕ್ಕೆ ಸರಿಸಿ. 'ಸ್ಪೀಡ್ ಜಾಸ್ತಿ ಮಾಡಿದರೆ ನೇರ ಆಗತ್ತೆ' ಅಂತ ಯಾರಾದರೂ ಹೇಳಿದರೆ ನಂಬಬೇಡಿ.

ಇನ್ನು ಕಾಗದ ಪತ್ರ

ಓದುಗರ ಎರಡನೇ ಪ್ರಶ್ನೆಗೆ ಬಂದೆ. ಕೇಟರಿಂಗ್ ಆದಾಯವನ್ನ ಶೆಡ್ಯೂಲ್ ಸಿ ಮೇಲೆ ತೋರಿಸ್ತಾ ಇದ್ದರೆ ಗಾಡಿ ಖರ್ಚಿಗೆ ಎರಡು ದಾರಿ. ಮೈಲಿ ದರದ ದಾರಿ ಹಿಡಿದರೆ 2025ಕ್ಕೆ ಮೈಲಿಗೆ 70 ಸೆಂಟ್. ಪಿಕಪ್‌ಗೆ ಹಾಕಿದ ಗಾಳಿಚೀಲ, ಸ್ಪ್ರಿಂಗ್, ಟೈರ್ ಎಲ್ಲಾ ಆ ದರದೊಳಗೇ ಸೇರಿಹೋಯ್ತು, ಬೇರೆ ತೋರಿಸೋ ಹಾಗಿಲ್ಲ. ಟೋಲ್, ಪಾರ್ಕಿಂಗ್ ಬೇರೆ ಸಿಗತ್ತೆ. ನಿಜ ಖರ್ಚಿನ ದಾರಿ ಹಿಡಿದರೆ ವ್ಯಾಪಾರಕ್ಕೆ ಬಳಸಿದ ಪಾಲಿನಷ್ಟು ಇವನ್ನೂ ತೋರಿಸಬಹುದು, ರಸೀದಿ ಮತ್ತೆ ಮೈಲಿ ಪುಸ್ತಕ ಇರಬೇಕು. ಟ್ರೇಲರ್ ಬೇರೆಯೇ ಆಸ್ತಿ, ಅದರ ಲೆಕ್ಕ ಬೇರೆ.

ಇದಕ್ಕಿಂತ ದೊಡ್ಡದು ಒಂದಿದೆ. ವ್ಯಾಪಾರಕ್ಕಾಗಿ ರಾಜ್ಯದ ಗಡಿ ದಾಟುವ ಗಾಡಿ ಮತ್ತು ಟ್ರೇಲರ್‌ನ ಒಟ್ಟು ತೂಕ ಅಥವಾ ಒಟ್ಟು ಮಿತಿ 10,001 ಪೌಂಡ್ ಮುಟ್ಟಿದರೆ ಫೆಡರಲ್ ಕಾನೂನಿನ ಕಣ್ಣಿಗೆ ಅದು ಕಮರ್ಷಿಯಲ್ ವಾಹನ. ಯುಎಸ್‌ಡಾಟ್ ನಂಬರ್ ಬೇಕು, ಡ್ರೈವರ್‌ಗೆ ವೈದ್ಯಕೀಯ ಪ್ರಮಾಣಪತ್ರ ಬೇಕು, ಬೇರೆ ನಿಯಮಗಳೂ ಬರತ್ತೆ. ಮೇಲಿನ ಚೀಟಿಯಲ್ಲಿ ಒಟ್ಟು 11,950 ಇದೆ, ನೋಡಿದಿರಾ? ನ್ಯೂಜೆರ್ಸಿಯಿಂದ ನ್ಯೂಯಾರ್ಕಿಗೆ ಸ್ವಂತ ಪಾತ್ರೆ ತಗೊಂಡು ಹೋಗಿ ಅಡುಗೆ ಮಾಡಿದರೂ ಇದು ಅನ್ವಯ. ಸ್ವಂತ ಮನೆ ಸಾಮಾನು ಸಾಗಿಸೋರಿಗೆ ಅಲ್ಲ. ಆ ನಂಬರ್‌ಗೆ ಸರ್ಕಾರ ದುಡ್ಡು ತಗೊಳ್ಳಲ್ಲ. ಯುಸಿಆರ್ ಅನ್ನೋ ಚಿಕ್ಕ ವಾರ್ಷಿಕ ಶುಲ್ಕ ಬೇರೆ ಇದೆ. ನಂಬರ್ ಸಿಕ್ಕ ಮೇಲೆ 'ಇಷ್ಟು ನೂರು ಡಾಲರ್ ಕಟ್ಟಿ' ಅಂತ ಸರ್ಕಾರಿ ಕಾಗದದ ಥರ ಬರೋ ಪತ್ರಗಳನ್ನ ಎರಡು ಸಲ ಓದಿ.

ಇನ್ಶೂರೆನ್ಸ್ ಏಜೆಂಟ್‌ಗೂ ಫೋನ್ ಮಾಡಿ. ವೈಯಕ್ತಿಕ ಪಾಲಿಸಿ ವ್ಯಾಪಾರದ ಬಳಕೆಗೆ ಅನ್ವಯಿಸದೇ ಇರಬಹುದು. 'ಪರವಾಗಿಲ್ಲ ಸಾರ್' ಅನ್ನೋ ಮಾತು ಸಾಲದು, ಬರಹದಲ್ಲಿ ತಗೊಳ್ಳಿ. ಸೇತುವೆ ಮೇಲೆ ಕೈಕಾಲು ತಣ್ಣಗಾಗಿದ್ದು ಅಲ್ಲಿಗೇ ಮುಗೀತು, ಪುಣ್ಯ. ಮುಂದಿನ ಲೇನಿನಲ್ಲಿ ಬೇರೆ ಮನೆಯವರೂ ಇರ್ತಾರೆ.

ಒಟ್ಟು ಉತ್ತರ ಹೀಗೆ. ಗಾಳಿಚೀಲಕ್ಕೆ ದುಡ್ಡು ಕೊಡೋ ಮುಂಚೆ ಎರಡು ಸ್ಟಿಕರ್ ಓದಿ. ಡಬ್ಬಿಯ ಪಾತ್ರೆಗಳನ್ನ ಟ್ರೇಲರ್‌ನ ಆಕ್ಸಲ್ ಮೇಲೆ ಸಾಗಿಸಿ, 60-40 ಹೇರಿ. ಭಾರ ಹಂಚುವ ಹಿಚ್ ಹಾಕಿಸಿ, ಮೂರು ಸಲ ತೂಗಿಸಿ. ಇಷ್ಟಾದ ಮೇಲೂ ಹಿಂಭಾಗ ಸ್ವಲ್ಪ ತಗ್ಗಿದ್ದರೆ ಆಗ ಗಾಳಿಚೀಲ, ಅದೂ ಕಡಿಮೆ ಗಾಳಿಯಲ್ಲಿ. ಇಷ್ಟಕ್ಕೂ ಲೆಕ್ಕ ಹೊಂದದಿದ್ದರೆ ಟ್ರೇಲರ್ ದೊಡ್ಡದಾಯ್ತು ಅಥವಾ ಪಿಕಪ್ ಚಿಕ್ಕದಾಯ್ತು. ಒಂದು ಟ್ರಿಪ್ಪನ್ನ ಎರಡು ಮಾಡಿ. ಎರಡನೇ ಟ್ರಿಪ್ಪಿನ ಪೆಟ್ರೋಲ್ ಖರ್ಚನ್ನ ನಾನು ಟ್ಯಾಕ್ಸಿನಲ್ಲಿ ತೋರಿಸಿಕೊಡ್ತೀನಿ, ಆ ಚಿಂತೆ ಬೇಡ.

ಮುಂದಿನ ತಿಂಗಳು ಮೈಲಿ ಪುಸ್ತಕ ಬರೆಯೋದು ಹೇಗೆ ಅಂತ ನೋಡೋಣ. ಪ್ರಶ್ನೆಗಳಿದ್ದರೆ ಸಂಪಾದಕರ ಮೂಲಕ ಕಳಿಸಿ.